ಬಿಸಿಲಿಗೆ ಕುಂತ ಕಮಲಾ ಮಾವಶಿ

ನಮ್ಮ ಅವ್ವನ ತಂಗಿ ಕಮಲಾ ಮಾವಶಿಯನ್ನು ನೋಡಲು ಬಂದವರು ಬಾಳೆಹಣ್ಣಿನ ಜೊತೆ ಒಂದೊಂದು ಕಾರಣವನ್ನೂ ತರುತ್ತಿದ್ದರು. ಬುಧಗಾಂವದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವಳು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರದ ರೋಗ ಬಂದು, ಕಾಲು ಸ್ವಾಧೀನ ತಪ್ಪಿ, ಮಿರಜಿನ ತಾಯಿಯ ಮನೆಯಲ್ಲಿ ಗಾಲಿಕುರ್ಚಿ ಹಿಡಿದಿದ್ದಳು. ಒಬ್ಬರ ಪ್ರಕಾರ ಅದು ಫ್ರಿಜ್ಜಿನ ನೀರಿನಿಂದ ಬಂದದ್ದು, ಇನ್ನೊಬ್ಬರ ಪ್ರಕಾರ ಮದುವೆ ಬೇಡವೆಂದದ್ದಕ್ಕೆ. ಮಾಲಗಾಂವದ ಕಾಕಾ ಅಂತೂ ಮಹಾಪಂಡಿತರು! ಲೆಕ್ಕ ಮಾಡಿ ಮಾಡಿ ನರ ಸುಟ್ಟಿವೆ ಎಂದು ತೀರ್ಪು ಕೊಟ್ಟು, ಇನ್ನೊಂದು ಕಪ್ ಚಹಾ ಕೇಳಿದರು.

"ಕಾಕಾ, ನಿಮ್ಮ ಓಣ್ಯಾಗ ಲೆಕ್ಕ ಮಾಡೋರು ಎಷ್ಟು ಮಂದಿ ಅದಾರ್ರಿ? ಅವರೆಲ್ಲಾ ಹೆಂಗ ನೆಟ್ಟಗ ಅಡ್ಡಾಡ್ತಾರ?" ಎಂದಳು ಮಾವಶಿ. ಪುರಾವೆ ಇಲ್ಲದ ಮಾತು ಅವಳಿಗೆ ಆಗುತ್ತಿರಲಿಲ್ಲ. ಕಾಕಾ ಚಹಾ ಆರಿಸುತ್ತ ಕೂತರು.

ಒಮ್ಮೆ ಜೀನುಗಳ ಸಂಶೋಧನೆಗೆ ರಕ್ತ ಕೊಡಲು ಮಾವಶಿಯನ್ನು ಆಸ್ಪತ್ರೆಗೆ ಕರೆದೊಯ್ದೆವು. ನೋಡಿರಿ, ಎಂದರು ಡಾಕ್ಟರಬಾಯಿ, ಈ ರೋಗ ಇದ್ದವರಲ್ಲಿ ಬಿಸಿಲಿನಿಂದ ಮೈಗೆ ಸಿಗುವ ವಿಟಮಿನ್ ಡಿ ಕಡಿಮೆ ಇರುತ್ತದೆ. ಅದರಿಂದ ರೋಗ ಬಂತೋ, ರೋಗ ಬಂದು ಮನೆಯಲ್ಲೇ ಕೂತದ್ದಕ್ಕೆ ಅದು ಕಡಿಮೆಯಾಯಿತೋ? ಜೀನು ಹುಟ್ಟುವಾಗಲೇ ಬಂದಿರುತ್ತದೆ, ರೋಗ ಅದನ್ನು ಬದಲಿಸಲಾರದು. ಜೀನಿನಿಂದಲೇ ಆ ವಿಟಮಿನ್ ಕಡಿಮೆ ಇರುವವರಲ್ಲಿ ಈ ರೋಗ ಹೆಚ್ಚು ಕಂಡಿದೆ, ಹಾಗಾಗಿ ಆ ಕೊರತೆಯೂ ಒಂದು ಕಾರಣ. ಆದರೆ ಇಂಥ ಒಬ್ಬರಿಗೆ ಇದರಿಂದಲೇ ಬಂತು ಎಂದು ಹೇಳಲಾಗದು.

ಮಾವಶಿಗೆ ಹಬ್ಬವೇ ಆಯಿತು. ಇಷ್ಟು ವರ್ಷಕ್ಕೆ ಒಬ್ಬರಾದರೂ ಲೆಕ್ಕ ಬಲ್ಲವರು ಸಿಕ್ಕರು ಎಂದಳು. ಅವಳ ತಾಯಿ, ನಮ್ಮ ಆಯಿ, ಮಾತ್ರ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಕಪ್ಪಾದರೆ ವರ ಸಿಗುವುದಿಲ್ಲವೆಂದು ಮಗಳನ್ನು ಹರೆಯದಲ್ಲಿ ಹತ್ತು ವರ್ಷ ಬಿಸಿಲಿಗೇ ಬಿಟ್ಟಿರಲಿಲ್ಲ. ಬೆಳ್ಳಗಿಟ್ಟದ್ದಕ್ಕೆ ವರಗಳು ಸಾಲುಗಟ್ಟಿ ನಿಂತಿದ್ದವು ನೋಡಿ! "ನಾನಽ ಮಾಡಿದ್ನೆವ್ವಾ ಇದನ್ನ" ಎಂದಳು ಆಯಿ. ಹಾಗೆ ಹೇಳಲು ಬರುವುದಿಲ್ಲವೆಂದು ಮಾವಶಿ ಬಿಡಿಸಿ ಬಿಡಿಸಿ ಹೇಳಿದಳು. ಆಯಿಯ ತಲೆಗೆ ಹೋಗಲಿಲ್ಲ.

ಮರುದಿನದಿಂದ ಆಯಿ ದಿನಾ ಕುರ್ಚಿಯನ್ನು ಅಂಗಳದ ಬಿಸಿಲಿಗೆ ತಳ್ಳತೊಡಗಿದಳು. ಈ ರೋಗಕ್ಕೆ ಸೆಕೆ ಆಗಿಬರುವುದಿಲ್ಲವೆಂದು ಡಾಕ್ಟರಬಾಯಿ ನನಗೂ ಮಾವಶಿಗೂ ಹೇಳಿದ್ದರು. ಮಾವಶಿಗೆ ಕಣ್ಣು ಮಂಜಾಗುತ್ತಿತ್ತು, ಕೈಯಲ್ಲಿ ಕಪ್ ನಿಲ್ಲುತ್ತಿರಲಿಲ್ಲ. ಊರಿಗೆಲ್ಲ ಸವಾಲು ಹಾಕುವವಳು ತುಟಿ ಬಿಚ್ಚಲಿಲ್ಲ. ನನಗೆ ಸಿಟ್ಟೇ ಬಂತು.

ಕಡೇ ಸಲ ಹೋದಾಗಲೂ ಅದೇ ಬಿಸಿಲು. ಈಗ ಬಿಸಿಲಿನಿಂದ ಉಪಯೋಗವಿಲ್ಲ, ಡಾಕ್ಟರು ಬೇಡ ಅಂದಿದ್ದಾರೆಂದು ಆಯಿಗೆ ಹೇಳಿಯೇಬಿಡುತ್ತೇನೆ ಎಂದು ಎದ್ದೆ.

"ಸುಮ್ನ ಕುಂದ್ರೊ. ಈ ಬಿಸಲು ನನಗ ಔಷಧ ಅಲ್ಲ, ಅಕಿಗಿ."

ಅಷ್ಟರಲ್ಲಿ ಆಯಿ ಬಂದು ಮಗಳ ಹಣೆಯ ಬೆವರು ಒರೆಸಿ, ಇವತ್ತು ಹೇಗಿದೆ ಎಂದು ಕೇಳಿದಳು.

"ಕಾಲಿಗೆ ಜೀವ ಬಂದಂಗ ಆಗೇತೆವ್ವಾ" ಎಂದಳು ಮಾವಶಿ. ಆ ಮಳೆಗಾಲದಲ್ಲೇ ತೀರಿಹೋದಳು.