ಇಬ್ಬರ ಮಂಡಿನೋವಿಗೆ ಒಂದೇ ಟೋಕನ್

"ಪರೀಕ್ಷೆ ಇವಳಿಗೆ ಮಾಡ್ಲಿ, ಮಾತ್ರೆ ಇಬ್ರಿಗೂ ಬರೀಲಿ" ಎನ್ನುತ್ತಾ ಸೂಲಿಬೆಲೆ ಕಡೆಯ ಅಜ್ಜಿಯೊಬ್ಬರು ತಮ್ಮ ಓರಗಿತ್ತಿಯನ್ನು ಮುಂದಕ್ಕೆ ತಳ್ಳಿದಾಗ ನಾನು ತಬ್ಬಿಬ್ಬಾದೆ. ಹೊಸಕೋಟೆಯ ಪುಟ್ಟ ಕ್ಲಿನಿಕ್ಕೊಂದರಲ್ಲಿ ಟೋಕನ್ ಕೊಡುವ ಕೆಲಸ ನನ್ನದು. ಒಬ್ಬರಿಗೆ ಒಂದು ಟೋಕನ್ ಎಂದು ವಿವರಿಸಿದೆ.

"ಇಬ್ರೂ ಒಂದೇ ಮನೆಗೆ ಸೊಸೆಯಾಗಿ ಬಂದೋರು, ಒಂದೇ ಹೊಲದಲ್ಲಿ ಕಳೆ ಕಿತ್ತೋರು. ಮಂಡಿನೋವು ಮಾತ್ರ ಬೇರೆ ಬೇರೆ ಇರ್ತದಾ? ನಮಗೆ ವಿಮೆ ಗಿಮೆ ಏನೂ ಇಲ್ಲ, ಎರಡು ಫೀಸು ಎಲ್ಲಿಂದ ತರೋದು ತಾಯಿ?"

ಬೆಂಚಿನಲ್ಲಿ ಕುಳಿತಿದ್ದವರೆಲ್ಲ ಅಜ್ಜಿಯ ಪರ!

ಗಲಾಟೆ ಕೇಳಿದ ಡಾಕ್ಟರಮ್ಮ ನಗುತ್ತಲೇ ಇಬ್ಬರನ್ನೂ ಒಳಗೆ ಕರೆದರು. ಓರಗಿತ್ತಿಗೆ ನೋವಿನ ಮಾತ್ರೆ ಬರೆದುಕೊಟ್ಟು, ಬೇಡ ಬೇಡವೆಂದರೂ ಬಿಡದೆ ಅಜ್ಜಿಯ ತೋಳಿಗೂ ಬಿ.ಪಿ. ಪಟ್ಟಿ ಸುತ್ತಿದರು. ನೋಡಿದರೆ ಬಿ.ಪಿ. ವಿಪರೀತ ಏರಿತ್ತು. "ಇವರ ಮಾತ್ರೆ ನೀವೂ ನುಂಗಿದ್ದಿದ್ರೆ ಇನ್ನೂ ಏರ್ತಿತ್ತು, ಗೊತ್ತಾ?" ಎಂದು ಗದರಿ, ಅಜ್ಜಿಗೆ ಬೇರೆಯೇ ಚೀಟಿ ಬರೆದರು. ಫೀಸು ಮಾತ್ರ ಒಂದೇ.

ಅಜ್ಜಿ ಹೆದರಿರಬಹುದೆಂದುಕೊಂಡೆ. ಅವರೋ ಹೊರಗೆ ಬರುತ್ತಲೇ ಓರಗಿತ್ತಿಯತ್ತ ತಿರುಗಿ, "ನೋಡ್ದೇನೇ, ನಂದೇ ದೊಡ್ಡ ಕಾಯ್ಲೆ!" ಎಂದು ಬೀಗಿದರು.

ಮುಂದಿನ ವಾರ ಬಿ.ಪಿ. ತೋರಿಸಲು ಬಂದಾಗ ಓರಗಿತ್ತಿಯ ಜೊತೆಗೆ ಪಕ್ಕದ ಮನೆಯಾಕೆಯನ್ನೂ ಕರೆತಂದಿದ್ದರು. "ಈ ಸಲ ಮೂರು ಜನಾನೂ ಸರಿಯಾಗಿ ನೋಡ್ಲಿ, ಟೋಕನ್ ಒಂದೇ ಕೊಡು" ಎಂದರು. ನಾನೀಗ ವಿವರಿಸಲು ಹೋಗುವುದಿಲ್ಲ, ಬೆಂಚಿನ ಮೇಲೆ ಜಾಗ ಮಾಡಿಕೊಡುತ್ತೇನೆ.