ಬಣ್ಣದ ಕಾಕಾ ತೋರಿಸಿದ ನೀರಿನ ಮಟ್ಟ

ಬಣ್ಣದ ಕಾಕಾರ ಎರಡೂ ಕೈಗಳು ಮೊಣಕೈವರೆಗೆ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಉಗುರುಗಳು ಮಾತ್ರ ಕಪ್ಪು. ಯಾವ ಸಾಬೂನಿಗೂ ಬಗ್ಗದ ಆ ಕೈಗಳನ್ನು ಹೊಸಬರ ಮುಂದೆ ಅವರು ಧೋತರದ ಮಡಿಕೆಯಲ್ಲಿ ಅಡಗಿಸಿಕೊಳ್ಳುತ್ತಿದ್ದರು. ನಮಸ್ಕಾರ ಎಂದರೆ ತಲೆ ಬಾಗುತ್ತಿತ್ತು, ಕೈ ಹೊರಗೆ ಬರುತ್ತಿರಲಿಲ್ಲ. ಮುದುಕನಿಗೆ ಸೊಕ್ಕು ಎಂದು ಮೊದಲ ಸಲ ಕಂಡಾಗ ನಾನೂ ಅಂದುಕೊಂಡೆ.

ರಬಕವಿಯ ಹೊಳೆದಂಡೆಯಲ್ಲಿ ಅವರ ಶೆಡ್ಡು ಇತ್ತು. ನೇಕಾರರು ಕೊಟ್ಟ ನೂಲಿನ ಲಡಿಗಳನ್ನು ಹಂಡೆಯಲ್ಲಿ ಕುದಿಸಿ, ಬಣ್ಣ ಹಿಡಿಸಿ, ಕೃಷ್ಣೆಯ ನೀರಿನಲ್ಲಿ ಜಾಲಿಸಿ, ಬೊಂಬಿನ ಮೇಲೆ ಒಣಹಾಕುವುದು ಅವರ ಕಸುಬು. ಹಸಿ ನೂಲಿನ ಬಣ್ಣವನ್ನು ಯಾರಾದರೂ ಹೊಗಳಿದರೆ "ಒಣಗಿದ ಮ್ಯಾಲ ನೋಡೂಣು" ಎನ್ನುತ್ತಿದ್ದರು. ಕಸುಬಿನ ಆ ಮಾತು ಅವರ ಬಾಯಲ್ಲಿ ಎಲ್ಲದಕ್ಕೂ ಒಗ್ಗಿಹೋಗಿತ್ತು. ಓಣಿಗೆ ಹೊಸ ಸೊಸೆ ಬಂದರೂ ಅದೇ, ಇಲೆಕ್ಷನ್ನಿನಲ್ಲಿ ಯಾರಾದರೂ ಗೆದ್ದರೂ ಅದೇ. ಆ ಸೊಸೆಯಂದಿರಲ್ಲಿ ಒಬ್ಬಳು ಇದೇ ಮಾತಿಗೆ ಅವರ ಮೇಲೆ ವರ್ಷಗಟ್ಟಲೆ ಮುನಿಸಿಕೊಂಡಿದ್ದಳಂತೆ.

ನಾನು ಆಗ ಬನಹಟ್ಟಿಯಲ್ಲಿ ಒಬ್ಬ ಖಾಸಗಿ ಎಂಜಿನಿಯರರ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದೆ. ಗಂಡನಿಗೆ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಸೀಜನ್ ಕೆಲಸ. ಕಬ್ಬು ನುರಿಸುವುದು ನಿಂತ ತಿಂಗಳುಗಳಲ್ಲಿ ಮನೆ ನಡೆಯುತ್ತಿದ್ದುದು ನನ್ನ ಸಂಬಳದ ಮೇಲೆ. ಹುಟ್ಟಾ ಅಂಜುಬುರುಕಿ ನಾನು. ಸಾಹೇಬರು ಕುರ್ಚಿ ಸರಿಸಿದ ಸಪ್ಪಳ ಕೇಳಿದರೂ ಏನು ತಪ್ಪು ಮಾಡಿದೆನೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

ದೊಡ್ಡ ಮಹಾಪೂರ ಬಂದು ಹೋಗಿ ಮೂರು ವರ್ಷವಾಗಿತ್ತು. ಹೊಳೆದಂಡೆಯನ್ನು ಹೊಸದಾಗಿ ಕಟ್ಟುವ ಯೋಜನೆ ನಮ್ಮ ಕಚೇರಿಗೆ ಬಂತು. ಐದೈದು ಅಂತಸ್ತಿನ ಎರಡು ಕಚೇರಿ ಕಟ್ಟಡ, ನೆಲದ ಕೆಳಗೆ ಗಾಡಿ ನಿಲ್ಲಿಸುವ ಜಾಗ, ನೆಲಮಹಡಿಯಲ್ಲಿ ಅಂಗನವಾಡಿ, ಮುಂದೆ ತೋಟ, ನೀರಿನವರೆಗೆ ಇಳಿಯುವ ಪಾವಟಿಗೆ, ಸಂಜೆ ತಿರುಗಾಡಲು ಹಾದಿ. ಸಾಹೇಬರು ಥರ್ಮೊಕೋಲಿನಲ್ಲಿ ಮಾಡಿಸಿದ ಮಾದರಿಯನ್ನು ನೋಡಲು ಜಮಖಂಡಿಯಿಂದಲೂ ಜನ ಬರುತ್ತಿದ್ದರು. ಅದರೊಳಗಿನ ಹಸಿರು ಗಿಡಗಳನ್ನು ಅಂಟಿಸಿದವಳು ನಾನೇ.

ಮಹಾಪೂರದ ನೀರು ದಂಡೆಯಲ್ಲಿ ಎಲ್ಲಿಯವರೆಗೆ ಏರಿತ್ತು ಎಂದು ಅಳೆದು ಬರಲು ಸಾಹೇಬರು ನನ್ನನ್ನು ಕಳಿಸಿದರು. ಕಟ್ಟಡಗಳ ನೆಲ ಎಷ್ಟು ಎತ್ತರದಲ್ಲಿರಬೇಕು ಎಂಬುದು ಆ ಗೆರೆಯ ಮೇಲೆ ನಿಂತಿತ್ತು. ನಾನು ಹೋದದ್ದು ಅಮಾವಾಸ್ಯೆಯ ದಿನ. ಅಂದು ಮಗ್ಗಗಳಿಗೆ ರಜೆ, ಬಣ್ಣದವರಿಗೂ ರಜೆ, ದಂಡೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಸುತ್ತಲಿನ ಮನೆಗಳ ಗೋಡೆಗಳೆಲ್ಲ ಸುಣ್ಣ ಕಂಡು ಬೆಳ್ಳಗಾಗಿದ್ದವು. ಶೆಡ್ಡಿನ ಗೋಡೆಯ ಮೇಲೆ ಮಾತ್ರ ನನ್ನ ಎದೆಮಟ್ಟಕ್ಕೆ ಉದ್ದಕ್ಕೂ ನೇರವಾದ ಕೆಂಪು ಕಲೆ ಕಂಡಿತು. ಬಣ್ಣ ಥೇಟ್ ಹೊಳೆಯ ರಾಡಿಯದು. ಅಳೆದೆ, ಬರೆದುಕೊಂಡೆ, ಇಷ್ಟು ಸಲೀಸಾಯಿತಲ್ಲ ಎಂದು ಖುಷಿಯಿಂದ ಬಸ್ಸು ಹತ್ತಿದೆ. ನಕ್ಷೆ ತಯಾರಾಗಿ ಮೇಲಿನ ಕಚೇರಿಗೂ ಹೋಯಿತು.

ಒಂದು ತಿಂಗಳ ಮೇಲೆ ಗೂಟ ಹೊಡೆಸಲು ಹೋದಾಗ ಕಾಕಾರ ಪರಿಚಯವಾಯಿತು. ಅಲ್ಲಿ ನಾಲ್ಕು ದಿನ ಕೆಲಸವಿತ್ತು. ಎರಡನೆಯ ದಿನಕ್ಕೇ ಅವರು ನನಗೆ ಬಿಸಿಲಿನಲ್ಲಿ ನಿಲ್ಲಬೇಡವೆಂದು ಗದರಿ, ಶೆಡ್ಡಿನಲ್ಲಿ ಕೂರಿಸಿ ಚಹಾ ತರಿಸಿದ್ದರು. ಹಂಡೆಯ ಉಗಿಯನ್ನು ಮೂಸಿಯೇ ಬಣ್ಣ ಹದಕ್ಕೆ ಬಂತೋ ಇಲ್ಲವೋ ಹೇಳುತ್ತಿದ್ದರು. ತಮ್ಮ ಶೆಡ್ಡು ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ಅದಕ್ಕಾಗಿ ನನ್ನ ಮೇಲೆ ಒಮ್ಮೆಯೂ ಸಿಡುಕಲಿಲ್ಲ. ಮೂರನೆಯ ದಿನ ಚಹಾ ಕುಡಿಯುತ್ತ, ಗೋಡೆಯ ಗೆರೆ ಹಿಡಿದು ನಾವು ನೆಲದ ಎತ್ತರ ಗೊತ್ತುಮಾಡಿದ್ದನ್ನು ಜಂಬದಿಂದ ಅವರಿಗೆ ವಿವರಿಸಿದೆ.

ಕಾಕಾ ಬಟ್ಟಲು ಕೆಳಗಿಟ್ಟರು.

"ತಂಗಿ, ಆ ಕೆಂಪ ಗೆರಿ ಏನಂತ ತಿಳದೀ?"

"ಮಹಾಪೂರದ್ದಲ್ರೀ ಕಾಕಾ?"

"ನನ್ನ ನೂಲಿಂದು ಬೇ ಅದು! ಹಸಿ ಲಡಿ ಹಾಕೂ ಬೊಂಬು ಅಲ್ಲೇ ಗ್ವಾಡಿಗೆ ಕಟ್ಟಿರ್ತೇನಿ. ಬಣ್ಣ ಸೋರಿ ಸೋರಿ ಗ್ವಾಡಿ ಕುಡದೈತಿ. ಅಮಾಸಿಗೆ ಬೊಂಬೆಲ್ಲಾ ಬಿಚ್ಚಿ ತೊಳಿತೇವಿ. ನೀ ಅವತ್ತ ಬಂದಿದ್ದೇನು?"

ಅವರು ಎದ್ದು ಮಾಡಿನ ಕೆಳಗಿನ ತೊಲೆಯನ್ನು ತೋರಿಸಿದರು.

"ಹೊಳಿ ಬರ್ತೈತಿ ಅಂದಾಗ ಮಂದಿ ನೂಲೆಲ್ಲಾ ಈ ತೊಲಿಗೆ ಕಟ್ಟಿ ಓಡಿದ್ದೆ. ಹೊಳ್ಳಿ ಬಂದು ನೋಡಿದ್ರ ಲಡಿ ತುದಿ ಒಂದ ಗೇಣು ರಾಡಿ ಆಗಿದ್ವು. ನೀರ ಅಲ್ಲೀತನಕಾ ಬಂದಿತ್ತು. ನಿನ್ನ ಗೆರಿ ಮ್ಯಾಲ ಇನ್ನೊಬ್ಬ ಮನಷಾ ನಿಂತ್ರೂ ಮುಳಗತಿದ್ದ."

ಮಾದರಿಯ ನೆಲಮಹಡಿಯಲ್ಲಿ ಅಂಗನವಾಡಿಗೆಂದು ನಾನೇ ಅಂಟಿಸಿದ ಹಳದಿ ಕಾಗದ ಕಣ್ಣ ಮುಂದೆ ಬಂತು. ನನ್ನ ಮಗಳೂ ಆಗ ಅಂಗನವಾಡಿಗೇ ಹೋಗುತ್ತಿದ್ದಳು. ಅಂದಿನಿಂದ ಅನ್ನ ಸೇರಲಿಲ್ಲ. ಮಗಳ ತಲೆ ಬಾಚುವಾಗ ಬೈತಲೆ ಸೊಟ್ಟಗಾಗುತ್ತಿತ್ತು. ಮಕ್ಕಳು ಮುಳುಗುವ ಹೆದರಿಕೆ ಒಂದು ಕಡೆ, ನೌಕರಿ ಹೋಗುವ ಹೆದರಿಕೆ ಇನ್ನೊಂದು ಕಡೆ. ನಾಚಿಕೆಗೇಡು, ಆದರೂ ಹೇಳುತ್ತೇನೆ, ಎರಡೂ ಸರಿಸಮವಾಗಿದ್ದವು.

ಮೂರು ದಿನ ತಡೆದು, ಸಾಹೇಬರ ಮುಂದೆ ಹೋಗಿ ನಿಂತೆ. ನಾನು ತಪ್ಪು ಗೆರೆ ಅಳೆದೆ ಎನ್ನಬೇಕಿತ್ತು. ಬಾಯಿಗೆ ಬಂದದ್ದೇ ಬೇರೆ.

"ಸರ್, ಆ ಬಣ್ಣದ ಮುದುಕ ನೀರ ಇನ್ನೂ ಮ್ಯಾಲ ಬಂದಿತ್ತು ಅಂತಾನ್ರಿ."

ಸಾಹೇಬರು ತಲೆ ಎತ್ತಲಿಲ್ಲ. "ಅಂದೇ ಅಂತಾನ. ಶೆಡ್ ಹೋಗತೈತಿ ಅಂತ ಹೊಟ್ಟ್ಯಾಗ ಸಂಕಟ. ಸುಳ್ಳಗಾರ ಮುದುಕ, ಅವನ ಮಾತೇನ್ ಕೇಳ್ತೀ? ನಿನ್ನ ಕೆಲಸ ನೋಡು."

ನಾನು ನನ್ನ ಕೆಲಸ ನೋಡಿದೆ.

ಆ ವಾರವೇ ದಂಡೆಯ ಜನರ ಅಹವಾಲು ಕೇಳಲು ಮೇಲಿನ ಅಧಿಕಾರಿಯೊಬ್ಬರು ಬಂದರು. ಹೊಳೆಯ ಪಕ್ಕದಲ್ಲೇ ಶಾಮಿಯಾನ ಹಾಕಿ, ಮೇಜಿನ ಮೇಲೆ ಮಾದರಿಯನ್ನು ಇಟ್ಟಿದ್ದರು. ಟೇಪು, ನಕ್ಷೆ ಹಿಡಿದು ನಾನು ಸಾಹೇಬರ ಬೆನ್ನ ಹಿಂದೆ ನಿಂತಿದ್ದೆ. ಕಾಕಾರ ಸರದಿ ಬಂತು. ನೂಲು ಕಟ್ಟಿದ್ದು, ತುದಿ ತೊಯ್ದದ್ದು, ಎಲ್ಲವನ್ನೂ ಸಾವಕಾಶವಾಗಿ ಹೇಳಿದರು. ಸಾಹೇಬರು ನಗುತ್ತ, "ಕಾಕಾ, ಶೆಡ್ ಉಳಿಸ್ಕೊಳ್ಳಾಕ ಇಷ್ಟ ದೊಡ್ಡ ಹೊಳಿ ತರಬೇಕಾ?" ಎಂದರು. ಶಾಮಿಯಾನದಲ್ಲಿದ್ದವರೆಲ್ಲ ನಕ್ಕರು.

ಕಾಕಾ ನನ್ನ ಕಡೆ ನೋಡಿದರು. ಕೆಂಪು ಗೆರೆಯ ಸಂಗತಿ ಅಲ್ಲಿದ್ದವರಲ್ಲಿ ಗೊತ್ತಿದ್ದುದು ನಮ್ಮಿಬ್ಬರಿಗೇ. ಈಗ ಹೇಳುತ್ತಾರೆ, ಈ ತಂಗಿ ನನ್ನ ನೂಲಿನ ಕಲೆ ಅಳೆದಾಳ ಎನ್ನುತ್ತಾರೆ ಎಂದುಕೊಂಡೆ. ನಾನು ತಲೆ ತಗ್ಗಿಸಿ ಟೇಪನ್ನು ಸುತ್ತತೊಡಗಿದೆ. ಅದಾಗಲೇ ಪೂರ್ತಿ ಸುತ್ತಿದ ಟೇಪು.

ಅವರು ಹೇಳಲಿಲ್ಲ. ಧೋತರದಿಂದ ಎರಡೂ ಕೈ ಹೊರಗೆ ತೆಗೆದು ಅಧಿಕಾರಿಯ ಮೇಜಿನ ಮೇಲಿಟ್ಟರು. ಅಧಿಕಾರಿ ಬೆಚ್ಚಿ ಕುರ್ಚಿ ಹಿಂದೆ ಸರಿಸಿದರು.

"ಶೆಡ್ ನಂಗ ಬ್ಯಾಡ್ರಿ ಸಾಹೇಬ್ರ. ಬದಲೀ ಜಾಗಾನೂ ಬ್ಯಾಡ. ಎಲ್ಲಿ ಸಹಿ ಮಾಡ್ಬೇಕು, ತೋರಿಸ್ರಿ. ಸಹಿ ಆದ ಮ್ಯಾಲ ನನಗ ಸುಳ್ಳ ಹೇಳೂ ಗರಜ ಉಳಿಯೂದಿಲ್ಲ. ಆವಾಗರೆ ನನ್ನ ಮಾತ ಅಳದು ನೋಡ್ತೀರೇನು?"

ಯಾರೂ ನಗಲಿಲ್ಲ. ಅವರು ಅಕ್ಷರ ಅಕ್ಷರ ಕೂಡಿಸಿ ಸಹಿ ಮಾಡಿದರು. ಅಧಿಕಾರಿ ಆ ಕಾಗದವನ್ನು ನೋಡಿ, ಮತ್ತೊಮ್ಮೆ ಅಳೆಯಿರಿ ಎಂದು ಸಾಹೇಬರಿಗೆ ಹೇಳಿ ಎದ್ದರು. ತೊಲೆಯಿಂದ ಟೇಪು ಬಿಟ್ಟು ಅಳೆದವಳು ನಾನು. ಕೆಳಗೆ ನಿಂತು ಟೇಪಿನ ತುದಿ ಹಿಡಿದವರು ಕಾಕಾ.

ನಕ್ಷೆ ಬದಲಾಯಿತು. ನೆಲದ ಕೆಳಗಿನ ಜಾಗ ರದ್ದಾಯಿತು. ಎರಡೂ ಕಟ್ಟಡಗಳು ಎತ್ತರದ ಕಂಬಗಳ ಮೇಲೆ ನಿಂತವು, ಅಂಗನವಾಡಿ ಮೇಲಕ್ಕೆ ಹೋಯಿತು. ತೋಟ, ಹಾದಿ, ಪಾವಟಿಗೆ ಎಲ್ಲವೂ ಕೆಳಗೆ ಉಳಿದವು. ಕಂಬಗಳನ್ನು ನೋಡಿ ಊರವರು ಕೊಕ್ಕರೆ ಕಾಲು ಎಂದು ಆಡಿಕೊಂಡರು. ಶೆಡ್ಡು ಬಿದ್ದಿತು. ಕಾಕಾ ಬನಹಟ್ಟಿಯ ಹಿತ್ತಲೊಂದರಲ್ಲಿ ಹಂಡೆ ಹೂಡಿದರು, ಆದರೆ ನೂಲು ಜಾಲಿಸಲು ಕೊಡಗಳಲ್ಲಿ ಹೊತ್ತು ತಂದ ನೀರು ಸಾಲಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಬಣ್ಣ ಹಾಕಿದ ಸಿದ್ಧ ನೂಲಿನ ಕಡೆ ಹೊರಳಿದರು. ಎರಡನೆಯ ವರ್ಷದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಅವರ ಮಣ್ಣಿಗೆ ಹೋದಾಗ ನೋಡಿದೆ, ಕೈಗಳು ಎಲ್ಲರ ಕೈಗಳಂತೆ ಆಗಿದ್ದವು. ಅದನ್ನು ನೋಡಿ ಅತ್ತಷ್ಟು ನಾನು ನನ್ನ ತಂದೆಗೂ ಅತ್ತಿರಲಿಲ್ಲ. ಆದರೂ ಅವರ ಹೆಂಡತಿ ಕಾಕಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ.

ಮಗಳು ಹೈಸ್ಕೂಲು ಮುಗಿಸುವ ಹೊತ್ತಿಗೆ ಹೊಳೆ ಮತ್ತೆ ಬಂತು. ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ ಎಂಬ ಸುದ್ದಿ ಬೆಳಿಗ್ಗೆ ಬಂತು, ಮರುದಿನ ಮಧ್ಯಾಹ್ನದ ಹೊತ್ತಿಗೆ ತೋಟದ ಬೆಂಚುಗಳು ಕಾಣಲಿಲ್ಲ. ತಗ್ಗಿನ ಓಣಿಗಳ ಜನರನ್ನೆಲ್ಲ ಆ ಕಟ್ಟಡಗಳಿಗೆ ಹತ್ತಿಸಿದ್ದರು. ಹಿಂದಿನ ರಸ್ತೆಯ ಕಡೆಯಿಂದ ನಾನೂ ಹೋದೆ. ಕಂಬಗಳ ನಡುವೆ ಕೆಂಪು ನೀರು ಸುತ್ತುತ್ತಿತ್ತು. ನಾನು ಮೆಟ್ಟಿಲ ಮೇಲೆ ಕಟಾಂಜನ ಹಿಡಿದು ನಿಂತು ಒಂದೊಂದೇ ಮೆಟ್ಟಿಲು ಮುಳುಗುವುದನ್ನು ನೋಡಿದೆ. ಕಾಕಾರ ಲೆಕ್ಕ ತಪ್ಪಿದ್ದರೆ? ನನ್ನ ಕೈ ಅಂದು ನಡುಗಿದ್ದರೆ? ಮೇಲೆ ಮಕ್ಕಳು ಕೂಗಾಡುತ್ತಿದ್ದರು. ಮೂರು ಮೆಟ್ಟಿಲು ಬಾಕಿ ಇರುವಾಗ ನೀರು ನಿಂತಿತು.

ಅಂಗನವಾಡಿಯ ಕೋಣೆಯಲ್ಲಿ ಕಾಕಿ ಗಂಟುಮೂಟೆಗೆ ಒರಗಿ ಕೂತಿದ್ದರು. ಅವರ ಮುಂದೆ ಕುಕ್ಕರಿಸಿ ಕೂತು ಎಲ್ಲ ಹೇಳಿಬಿಟ್ಟೆ. ಅಮಾವಾಸ್ಯೆ, ಕೆಂಪು ಗೆರೆ, ಸಾಹೇಬರ ಮುಂದೆ ಆಡಿದ ಮಾತು, ಟೇಪು. ಕಾಕಿ ನನ್ನ ಗದ್ದ ಹಿಡಿದು ಮುಖ ಎತ್ತಿದರು.

"ಅವರಿಗೆ ಗೊತ್ತಿತ್ತಲ್ಲವಾ. ಅವತ್ತ ಮನಿಗೆ ಬಂದು ನನಗೂ ಹೇಳಿದ್ರು. ಆಕಿ ಹೆಸರ ಯಾಕ ಹೇಳ್ಲಿಲ್ಲಾ ಅಂತ ನಾ ಜಗಳಾ ತಗದೆ. 'ಹೇಳಿದ್ರ ಆ ಹುಡುಗೀನ ಕೆಲಸದಿಂದ ತಗೀತಿದ್ರು. ಆಮ್ಯಾಲ ಖರೆ ಗೆರಿ ಹಾಕವ್ರು ಯಾರು?' ಅಂದ್ರು."

ಅಲ್ಲಿಂದಲೇ ಸಾಹೇಬರಿಗೆ ಫೋನ್ ಮಾಡಿದೆ. ಅವರು ಕೆಲಸ ಬಿಟ್ಟು ಮನೆಯಲ್ಲಿದ್ದರು. ಕಾಕಿಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದೆ.

"ಆ ಮುದುಕಗ ನಾ ಸುಳ್ಳಗಾರ ಅಂದಿದ್ನಲ್ಲವಾ" ಎಂದರು.

ಅಂದವರು ಅವರು. ಅನ್ನಿಸಿದವಳು ನಾನು.