ತಪ್ಪಿಗೆ ವಕೀಲಿ ಮಾಡಿಸಿದ ಅಕ್ಕೋರು

ಅಕ್ಕೋರ ಹಣೆಯಲ್ಲಿ ವಿಭೂತಿ ಎಲ್ಲಿ ಮುಗಿದು ಸೀಮೆಸುಣ್ಣದ ಪುಡಿ ಎಲ್ಲಿ ಶುರುವಾಗುತ್ತದೆಂದು ಮಧ್ಯಾಹ್ನದ ಹೊತ್ತಿಗೆ ಯಾರಿಗೂ ಹೇಳಲು ಬರುತ್ತಿರಲಿಲ್ಲ. ಬೋರ್ಡಿನ ಮೇಲೆ ತ್ರಿಕೋನ ಎಳೆಯುವುದೂ ಅದೇ ಕೈ, ಬೆವರು ಒರೆಸಿಕೊಳ್ಳುವುದೂ ಅದೇ ಕೈ. ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಬಂದ ದಿನವೂ ಅಕ್ಕೋರು ಹಾಗೇ ನಿಂತಿದ್ದರು. ಬೆಂಚುಗಳ ಮೇಲೆ ನಾವು ಹನ್ನೆರಡು ಹುಡುಗಿಯರು, ಕುರ್ಚಿಯಲ್ಲಿ ಸಾಹೇಬರು, ಅವರ ಪಕ್ಕದಲ್ಲಿ ಕೂರಲೂ ಆಗದೆ ನಿಲ್ಲಲೂ ಆಗದೆ ಒದ್ದಾಡುತ್ತಿದ್ದ ನಮ್ಮ ಹೆಡ್‌ಮಾಸ್ತರು, ಬಾಗಿಲಲ್ಲಿ ಎಳನೀರಿನ ಲೋಟ ಹಿಡಿದ ಜವಾನ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ದಾವಣಗೆರೆಯ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಐಚ್ಛಿಕ ವಿಷಯ ಎಂದರೆ ಗೃಹವಿಜ್ಞಾನ, ಸಂಗೀತ, ಇಷ್ಟೇ. ಎಲ್ಲರಿಗೂ ಇದ್ದ ಸಾಮಾನ್ಯ ಲೆಕ್ಕ ಬಿಟ್ಟರೆ, ಐಚ್ಛಿಕವಾಗಿ ಗಣಿತ ಬೇಕೆಂದರೆ ಇಲ್ಲ. ಗಣಿತ ಇಲ್ಲದಿದ್ದರೆ ಕಾಲೇಜಿನಲ್ಲಿ ವಿಜ್ಞಾನವೂ ಇಲ್ಲ. ಅಕ್ಕೋರು ಮೂರು ವರ್ಷ ಬಿಡದೆ ಅರ್ಜಿ ಬರೆದು, ಕೊನೆಗೆ ಒಬ್ಬ ಇನ್‌ಸ್ಪೆಕ್ಟರನ್ನು ತರಗತಿಯ ಒಳಗೆ ತಂದು ಕೂರಿಸಿದ್ದರು. ಅವರು ಒಪ್ಪಿದರೆ ಬರುವ ಜೂನ್‌ಗೆ ಗಣಿತ. ನನ್ನ ಓದಂತೂ ಆ ಒಪ್ಪಿಗೆಯ ಮೇಲೇ ನಿಂತಿತ್ತು. ಅಪ್ಪ ಟಾಂಗಾ ಹೊಡೆಯುತ್ತಿದ್ದ. “ಲೆಕ್ಕದ ಕ್ಲಾಸು ಬಂತಾ, ಓದು. ಬರ್ಲಿಲ್ಲಾ, ಬ್ಯಾಸಗಿಗೆ ಲಗ್ನ. ಅನ್ನ ಸಾರು ಮಾಡಾದು ಕಲಿಯಾಕ ಸ್ಕೂಲಿಗ್ಯಾಕ ಹೋಗ್ಬೇಕು, ನಿಮ್ಮವ್ವ ಇಲ್ವಾ?” ಎಂದು ಹೇಳಿಬಿಟ್ಟಿದ್ದ. ಅವನ ಮಾತಿನಲ್ಲೂ ಸುಳ್ಳಿರಲಿಲ್ಲ.

ನಮ್ಮ ಕಡೆ ಪಾಠ ಹೇಳುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ. ಇವರನ್ನು ಊರೆಲ್ಲ ಲೆಕ್ಕದ ಅಕ್ಕೋರು ಎನ್ನುತ್ತಿತ್ತು. ಮಾಯಕೊಂಡದಲ್ಲಿ ಹುಟ್ಟಿ, ಹದಿನೈದಕ್ಕೆ ದಾವಣಗೆರೆಯ ಹತ್ತಿ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದು, ಹದಿನೇಳಕ್ಕೆ ಗಂಡನನ್ನು ಕಳೆದುಕೊಂಡವರು. “ಮೂಲ್ಯಾಗ ಕುಂತು ಅತ್ರೆ ಹೋದೋನು ಬರ್ತಾನೇನವ್ವ? ಏಳು, ಓದು” ಎಂದ ಮಾವ ಅವರ ಪಾಲಿಗೆ ದೇವರಾದರು. ಮೈಸೂರಿನ ಬಿ.ಎಸ್ಸಿ.ಯಲ್ಲಿ ಗಣಿತಕ್ಕೆ ಇವರೊಬ್ಬರೇ ಹೆಣ್ಣು. ಆ ಕಥೆಯನ್ನು ನಮಗೆ ನಗುನಗುತ್ತಲೇ ಹೇಳುತ್ತಿದ್ದರು. “ನಂಗ ಬಾಗಿಲ ಹತ್ರ ಒಂದು ಕುರ್ಚಿ ಹಾಕಿದ್ರು. ಎದ್ದು ಹೋಗಾಕ ಸಲೀಸಾಗ್ಲಿ ಅಂತ. ನಾನು ಹೋಗ್ಲಿಲ್ಲ.” ಎಂ.ಎಸ್ಸಿ. ಓದುವ ಆಸೆಯಿತ್ತು. ಅಷ್ಟರಲ್ಲಿ ಮಾವ ತೀರಿಕೊಂಡರು, ಅತ್ತೆ ಹಾಸಿಗೆ ಹಿಡಿದರು. ಆ ಮನೆಯಲ್ಲಿ ಬೇರೆ ಸೊಸೆಯಿರಲಿಲ್ಲ.

ಬೆತ್ತ ಅವರ ಕೈಯಲ್ಲಿ ನಾನು ಕಂಡಿಲ್ಲ. ಚೀಲದಲ್ಲಿ ಮಂಡಕ್ಕಿಯ ಪೊಟ್ಟಣ ಇರುತ್ತಿತ್ತು. ತರಗತಿಯೇ ಒಂದು ಲೆಕ್ಕದ ಮುಂದೆ ಸೋತು ಕೂತರೆ ಅದನ್ನು ಬಿಚ್ಚಿ, “ಹಸಿದ ತಲಿಗೆ ಏನೂ ಹೋಗಲ್ಲ, ತಿನ್ರಿ ಮೊದ್ಲು” ಎನ್ನುತ್ತಿದ್ದರು. ಇನ್ನೊಂದು ಪದ್ಧತಿ ಇತ್ತು. ಅದನ್ನು ಬೇರೆಲ್ಲೂ ನೋಡಲಿಲ್ಲ. ಯಾರ ಉತ್ತರ ತಪ್ಪೋ ಅವಳೇ ಬೋರ್ಡಿನ ಹತ್ತಿರ ಹೋಗಿ ಆ ತಪ್ಪಿನ ಪರವಾಗಿ ವಾದ ಮಾಡಬೇಕು. “ಬಾರವ್ವ, ನಿನ್ ತಪ್ಪಿಗೆ ನೀನೇ ವಕೀಲಿ ಮಾಡು. ಸುಮ್‌ಸುಮ್ನೆ ಯಾರೂ ತಪ್ಪು ಮಾಡಲ್ಲ, ಒಳಗೊಂದು ಕಾರಣ ಇರತೈತೆ.” ವಾದಿಸುತ್ತಾ ಹೋದಂತೆ ಎಲ್ಲಿ ಕಾಲು ಜಾರಿತೆಂದು ನಮಗೇ ಗೊತ್ತಾಗುತ್ತಿತ್ತು. ಕಣ್ಣೀರು ಹಾಕಲು ಪುರುಸೊತ್ತೇ ಇರುತ್ತಿರಲಿಲ್ಲ.

ಇನ್‌ಸ್ಪೆಕ್ಟರು ಮೈಸೂರು ಕಡೆಯವರು, ಓದಿದ್ದು ಇತಿಹಾಸ. ಹಿಂದಿನ ದಿನವೇ ಹೆಡ್‌ಮಾಸ್ತರು ಅಕ್ಕೋರನ್ನು ಕರೆದು, “ನೋಡ್ರಿ, ಸಾಹೇಬ್ರು ಏನಂದ್ರೂ ಹೂಂ ಅನ್ರಿ. ಕೆಲ್ಸ ಆಗ್ಬೇಕಂದ್ರೆ ತಲಿ ಬಗ್ಸ್ಬೇಕು” ಎಂದಿದ್ದರು. ಅಕ್ಕೋರು ಹೂಂ ಎಂದಿದ್ದರು.

ಸಾಹೇಬರು ಲೆಕ್ಕ ಕೊಟ್ಟರು. “ಒಂದು ಟಾಂಗಾ ದಾವಣಗೆರೆಯಿಂದ ಹರಿಹರಕ್ಕೆ ಗಂಟೆಗೆ ಆರು ಮೈಲಿಯಂತೆ ಹೋಯ್ತು. ನಾಲ್ಕು ಮೈಲಿಯಂತೆ ವಾಪಸ್ ಬಂತು. ಒಟ್ಟು ಸರಾಸರಿ ವೇಗ ಎಷ್ಟು?”

ಹನ್ನೊಂದು ಮಂದಿ ಐದು ಎಂದರು. ನಾನೊಬ್ಬಳು ಐದಕ್ಕಿಂತ ಸ್ವಲ್ಪ ಕಮ್ಮಿ, ನಾಲ್ಕು ಪಾಯಿಂಟ್ ಎಂಟು ಎಂದೆ.

“ಅಲ್ಲ ಕಣಮ್ಮ. ಆರೂ ನಾಲ್ಕೂ ಹತ್ತು, ಅದರಲ್ಲಿ ಅರ್ಧ ಐದು. ಇಷ್ಟೂ ಬರದಿದ್ರೆ ಗಣಿತ ಯಾಕಮ್ಮ?” ಎಂದ ಸಾಹೇಬರು ಹೆಡ್‌ಮಾಸ್ತರ ಕಡೆ ನೋಡಿದರು. ಹೆಡ್‌ಮಾಸ್ತರು ನನಗೆ ಕೂತ್ಕೋ ಕೂತ್ಕೋ ಎಂದು ಕೈ ಆಡಿಸಿದರು. ನನ್ನ ಕಣ್ಣ ಮುಂದೆ ಲಗ್ನದ ಚಪ್ಪರ ಎದ್ದು ನಿಂತಿತು.

ಅಕ್ಕೋರು ಒಂದು ಸೀಮೆಸುಣ್ಣ ಎತ್ತಿಕೊಂಡರು. ಆಮೇಲೆ ಹೇಳಿದರು: “ಸಾಹೇಬ್ರ, ನಮ್ ಕ್ಲಾಸ್ನಾಗ ಒಂದು ಪದ್ಧತಿ ಐತೆ ರೀ. ತಪ್ಪು ಹೇಳ್ದೋರು ಬಂದು ವಕೀಲಿ ಮಾಡ್ಬೇಕು. ಅಪ್ಪಣೆ ಕೊಟ್ರೆ ಈ ಹುಡುಗಿ ಮಾಡ್ತಾಳೆ.” ನನ್ನ ಕೈಗೆ ಸೀಮೆಸುಣ್ಣ ಕೊಟ್ಟರು. “ಹೆದರಬ್ಯಾಡ. ನಿಮ್ಮಪ್ಪನ ದಾರಿ ಅದು.”

ಹೌದಲ್ಲ! ಆ ದಾರಿಯಲ್ಲಿ ಅಪ್ಪನ ಪಕ್ಕ ಕೂತು ನಾನು ಎಷ್ಟು ಸಲ ಹೋಗಿ ಬಂದಿಲ್ಲ! “ಹರಿಹರ ಒಂಬತ್ತು ಮೈಲಿ ರೀ. ಹೋಗಾಗ ಕುದ್ರಿ ಹುರುಪಿಲೆ ಓಡತೈತೆ, ಒಂದೂವರೆ ತಾಸು. ಬರಾಗ ಸೋತಿರತೈತೆ, ಎರಡೂಕಾಲು ತಾಸು. ಸೋತ ಕುದ್ರಿ ದಾರ್ಯಾಗ ಹೆಚ್ಗಿ ಹೊತ್ತು ಇರತೈತಲ್ರಿ, ಅದಕ್ಕ ಸರಾಸರಿ ಅದ್ರ ಕಡೀಗೇ ವಾಲ್ತೈತೆ. ಎಲ್ಲಾ ಕೂಡಿ ಮೂರೂಮುಕ್ಕಾಲು ತಾಸು, ಹದಿನೆಂಟು ಮೈಲಿ. ನೀವಂದಂಗೆ ಗಂಟಿಗೆ ಐದು ಮೈಲಿ ಓಡಿದ್ರೆ ಹದಿನೆಂಟೂಮುಕ್ಕಾಲು ಮೈಲಿ ಆಗ್ಬೇಕು. ಆ ಮುಕ್ಕಾಲು ಮೈಲಿ ಎಲ್ಲಿ ಓಡ್ಸಾದು ರೀ? ಹರಿಹರ ದಾಟಿದ್ರೆ ಹೊಳ್ಯಾಗ ಬೀಳ್ತೀವಿ!”

ಜವಾನ ಕಿಸಕ್ಕನೆ ನಕ್ಕ. ಬೇರೆ ಯಾರೂ ನಗಲಿಲ್ಲ. ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಡೈರಿ ತೆಗೆದು ತಾವೇ ಲೆಕ್ಕ ಮಾಡತೊಡಗಿದರು. ಹೆಡ್‌ಮಾಸ್ತರು ಗೋಡೆ ಹಿಡಿದುಕೊಂಡರು. ಕೊನೆಗೆ ಸಾಹೇಬರು ತಲೆಯೆತ್ತಿ, “ನಿಮ್ಮ ಪದ್ಧತಿ ಪ್ರಕಾರ ಈಗ ನಾನು ಬೋರ್ಡಿನ ಹತ್ರ ಬರ್ಬೇಕು. ನನ್ನ ತಪ್ಪಿಗೆ ವಕೀಲಿ ಮಾಡೋಕೆ ನನಗೇ ಬರಲ್ವಲ್ಲಮ್ಮ” ಎಂದರು.

“ನಾನು ಮಾಡ್ತೀನಲ್ರಿ,” ಎಂದರು ಅಕ್ಕೋರು. “ಟಾಂಗಾ ಆರರಂಗೆ ಒಂದು ತಾಸು, ನಾಕರಂಗೆ ಒಂದು ತಾಸು ಓಡಿದ್ರೆ ನಿಮ್ ಐದೇ ಸರಿ. ನೀವು ಎರಡಕ್ಕೂ ಹೊತ್ತು ಸಮ ಹಂಚಿದ್ರಿ, ಕುದ್ರಿ ದಾರಿ ಸಮ ಹಂಚ್ತು. ಅಷ್ಟ ಫರಕು.”

ಗೆದ್ದವರ ಬಾಯಲ್ಲಿ ಸೋತವರ ಪರ ವಾದ ಕೇಳಿದ್ದು ನಾನು ಅದೇ ಮೊದಲು. ಸಾಹೇಬರು ಗಟ್ಟಿಯಾಗಿ ನಕ್ಕರು. ಎಳನೀರು ಕುಡಿದರು, ನಮ್ಮ ಪುಸ್ತಕಗಳನ್ನೆಲ್ಲ ತಿರುವಿ ನೋಡಿದರು. ಏಪ್ರಿಲ್‌ನಲ್ಲಿ ಮಂಜೂರಾತಿಯ ಕಾಗದ ಬಂತು. ಅಕ್ಕೋರು ಅದನ್ನು ಹಿಡಿದು ಸೀದಾ ಟಾಂಗಾ ಸ್ಟ್ಯಾಂಡಿಗೆ ಬಂದು ಅಪ್ಪನೆದುರು ಓದಿದರು. ಅಪ್ಪ ಪೂರ್ತಿ ಕೇಳಿ, “ಆತ್ರಿ ಅಕ್ಕೋರ, ನಾ ಆಡಿದ ಮಾತಿಗೆ ತಪ್ಪೋನಲ್ಲ” ಎಂದ. ತಪ್ಪಲಿಲ್ಲ. ಆ ಹನ್ನೆರಡರಲ್ಲಿ ಒಂಬತ್ತು ಮಂದಿ ಗಣಿತಕ್ಕೆ ಸೇರಿದೆವು, ಒಂಬತ್ತೂ ಮಂದಿ ಪಾಸಾದೆವು.

ಊರಲ್ಲೇ ಬಿ.ಎಸ್ಸಿ. ಮುಗಿಸಿ ಎಂ.ಎಸ್ಸಿ.ಗೆಂದು ನಾನು ಮೈಸೂರಿಗೆ ಹೋದೆ. ಅಕ್ಕೋರ ಅತ್ತೆ ಹಿಂದಿನ ವರ್ಷ ತೀರಿಕೊಂಡಿದ್ದು ಗೊತ್ತಿತ್ತು, ಆಮೇಲಿನದು ಗೊತ್ತಿರಲಿಲ್ಲ. ಮೊದಲ ದಿನ ತರಗತಿಯೊಳಗೆ ಕಾಲಿಟ್ಟರೆ ಮುಂದಿನ ಬೆಂಚಿನಲ್ಲಿ ಅಕ್ಕೋರು ಕೂತಿದ್ದಾರೆ! ನಲವತ್ತರ ಹತ್ತಿರದ ವಯಸ್ಸು, ಮಡಿಲಲ್ಲಿ ಹೊಸ ನೋಟ್‌ಬುಕ್ಕು. “ಯಾಕ ಹಂಗ ನಿಂತಿ? ಬಾ, ಕೂಡು. ಇಲ್ಲಿ ಅಕ್ಕೋರು ಗಿಕ್ಕೋರು ಅನ್ನಬ್ಯಾಡ, ಹುಡುಗ್ರು ಹೆದರ್ತಾವೆ” ಎಂದರು. ಎರಡು ವರ್ಷ ಒಂದೇ ಬೆಂಚಿನಲ್ಲಿ ಓದಿದೆವು. ಹೊಸ ಬೀಜಗಣಿತ ಅವರಿಗೆ ಮೊದಮೊದಲು ಹತ್ತಲಿಲ್ಲ. “ಸಾವಕಾಶ ಹೇಳವ್ವ, ಹದಿನೈದು ವರ್ಷದ ತುಕ್ಕು ಐತೆ” ಎಂದು ನನ್ನಿಂದ ಹೇಳಿಸಿಕೊಳ್ಳುತ್ತಿದ್ದರು. ಎರಡು ಸಲ ಹೇಳಿದರೆ ಮೂರನೆಯ ಸಲ ಅವರೇ ನನಗೆ ಹೇಳುತ್ತಿದ್ದರು.

ಫಲಿತಾಂಶ ಬಂದಾಗ ಅವರದು ಮೊದಲ ದರ್ಜೆ, ನನ್ನದು ಎರಡನೆಯದು. ಆ ಜುಲೈನಲ್ಲಿ ಅವರು ದಾವಣಗೆರೆಯ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಪಾಠ ಶುರು ಮಾಡಿದರು. ಅದೇ ವಾರ ನಾನು ಹರಿಹರದ ಹೈಸ್ಕೂಲಿಗೆ ಲೆಕ್ಕದ ಅಕ್ಕೋರಾಗಿ ಹೋದೆ.